ಅಳಿಯನ ಗಲ್ಲದ ಮೇಲೊಂದು ಕಂಟಕ

“ಇವತ್ತಿಂದ ನಾ ಕುಂಚ ಮುಟ್ಟಂಗಿಲ್ಲ! ಕೂಸು ಆಡಸೂದ ನನ್ನ ಉದ್ಯೋಗ!”

ಪಡಸಾಲೆಯ ನಡುವೆ ನಿಂತು, ಮೀಸೆಯ ಮೇಲೆ ಕೈಯಿಟ್ಟು ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಕಳಕಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. ಇಂಥ ಐತಿಹಾಸಿಕ ಘೋಷಣೆಗೆ ಸಿಕ್ಕ ಉತ್ತರ ಪಟಪಟ ಸಪ್ಪಳ ಮಾತ್ರ!

ಆಗ ಮಹಾಯುದ್ಧದ ಕಾಲ. ಗದಗಿನಿಂದ ಬರುತ್ತಿದ್ದ ಬಣ್ಣದ ಪುಡಿ ನಿಂತು ಎಂಟು ತಿಂಗಳಾಗಿತ್ತು. ಕಿನ್ನಾಳದ ನಮ್ಮ ಓಣಿಯಲ್ಲಿ ಕಟ್ಟಿಗೆಯ ಆನೆ, ಕುದುರೆ, ಗಿಳಿಗಳೆಲ್ಲ ಬಣ್ಣವಿಲ್ಲದೆ ಬೋಳಾಗಿ ಕುಳಿತಿದ್ದವು. ಚಿತ್ರಗಾರ ಅಂದಪ್ಪನೆಂದು ಯಲಬುರ್ಗಿಯವರೆಗೆ ಹೆಸರಾಗಿದ್ದ ನಾನು, ಅವುಗಳ ನಡುವೆ ಅಷ್ಟೇ ಬೋಳಾಗಿ ಕುಳಿತಿದ್ದೆ. ಅದೇ ಹೊತ್ತಿಗೆ ಹೊಲಗಳಲ್ಲಿ ಕಳೆ ತೆಗೆಯುವ ಕೆಲಸ ಬಂತು. ಊರಿನ ಹೆಂಗಸರನ್ನೆಲ್ಲ ಕರೆದರು, ಕೂಲಿಗೆ ಜೋಳ. ಕಳಕಮ್ಮ ಹೋಗಲು ಸಿದ್ಧಳಾದಳು. ಆದರೆ ನಮ್ಮ ಆರು ತಿಂಗಳ ಮಗಳನ್ನು ಯಾರು ನೋಡಿಕೊಳ್ಳಬೇಕು? ಆಗಲೇ ನಾನು ಎದ್ದು ನಿಂತದ್ದು, ಮೀಸೆ ತಿರುವಿದ್ದು, ಘೋಷಿಸಿದ್ದು!

“ಕೂಸು ಅಂದ್ರ ಗೊಂಬಿ ಅಲ್ರಿ,” ಅಂದಳು ಕಳಕಮ್ಮ. “ಗೊಂಬಿ ಇಟ್ಟಲ್ಲೇ ಕುಂದರತೈತಿ.”

“ಏ, ಇಲ್ಲಿತನಕ ಸಾವಿರ ಕೂಸು ಕೆತ್ತೀನಿ ನಾ! ತೊಟ್ಟಿಲದಾಗ ಮಲಗೂ ಕೂಸು, ಅಂಬೆಗಾಲಿಡೂ ಕೂಸು, ಬೆಣ್ಣಿ ತಿನ್ನೂ ಕೂಸು. ಒಂದರ ಅತ್ತಿತೇನು?”

“ಒಂದರ ಉಚ್ಚಿ ಹೊಯ್ದಿತೇನು?”

ನಾನು ಮಾತು ಬದಲಿಸಿದೆ. ಆದರೆ ಅವಳು ಬಿಡಬೇಕಲ್ಲ!

“ಒಂದು ಕರಾರು ಐತಿ. ಬಣ್ಣದ ಗಡಗಿ, ಕುಂಚ, ಅಂಟು ಎಲ್ಲಾ ಅಟ್ಟದ ಮ್ಯಾಲ ಇರಬೇಕು. ಕೂಸಿನ ಮೈಮ್ಯಾಲ ಬಣ್ಣದ ಒಂದ ಒಂದು ಹನಿ ಕಂಡ್ರೂ ನಾ ಅದನ್ನ ಎತ್ಕೊಂಡು ಕುಷ್ಟಗಿಗೆ ಹೋಗತೀನಿ. ನನ್ನ ತವರು ಮನಿ ಬಾಗಲಾ ಇನ್ನೂ ಮುಚ್ಚಿಲ್ಲ.”

ಇವಳು ಹೋಗುತ್ತೇನೆಂದರೆ ಹೋಗುವವಳೇ. ಹಿಂದೊಮ್ಮೆ ಅವಳ ಹೊಸ ಸೀರೆಯ ಮೇಲೆ ನಾನು ಹಳದಿ ಚೆಲ್ಲಿದ್ದಕ್ಕೆ ಇಪ್ಪತ್ತು ದಿನ ಕುಷ್ಟಗಿಯಲ್ಲಿ ಕುಳಿತಿದ್ದಳು! ಆಗ ಮಗಳಿರಲಿಲ್ಲ, ಹೇಗೋ ಗಂಜಿ ಕಾಯಿಸಿಕೊಂಡು ಬದುಕಿದೆ. ಈಗ ಆ ಬೊಚ್ಚುಬಾಯಿಯ ನಗೆಯನ್ನು ನೋಡದೆ ಇಪ್ಪತ್ತು ದಿನ ಇರುವುದೆಂದರೆ ನನ್ನಿಂದಾಗದು. “ಕಬೂಲ್!” ಅಂದೆ. ಗಡಿಗೆಗಳನ್ನೆಲ್ಲ ಅಟ್ಟಕ್ಕೆ ಏರಿಸಿದೆ.

ಮೊದಲ ದಿನ ನನ್ನ ಪ್ರತಾಪ ನೋಡಬೇಕಿತ್ತು! ಬೆಳಿಗ್ಗೆ ತೂಗಿದೆ, ಮಧ್ಯಾಹ್ನ ಕಳಕಮ್ಮ ಬಂದು ಮೊಲೆಯುಣಿಸಿ ಹೋದಳು, ಸಂಜೆಗೆ ಗಂಜಿ ತಿನ್ನಿಸಿದೆ. ಗಂಜಿಯಲ್ಲಿ ಅರ್ಧ ಮಗಳ ಹೊಟ್ಟೆಗೆ, ಅರ್ಧ ನನ್ನ ಮೀಸೆಗೆ. ಆದರೂ ಕೂಸು ಅಳಲಿಲ್ಲ! ಸುದ್ದಿ ಹೊಲದ ಸಾಲಿನಿಂದ ಸಾಲಿಗೆ ಹಾರಿತು. ಮೂರನೆಯ ದಿನ ಬೆಳಗಾಗುವುದರೊಳಗೆ ಬಾಗಿಲಲ್ಲಿ ಮೂವರು ತಾಯಂದಿರು, ಮೂರು ಕೂಸುಗಳು.

ಹಿಂದಿನ ಓಣಿಯ ಗಾಳೆಮ್ಮ ತನ್ನ ಏಳು ತಿಂಗಳ ಗಂಡುಕೂಸನ್ನು ತಂದಿದ್ದಳು. ಅದಕ್ಕೆ ಎರಡೇ ಕೆಲಸ, ಅಳುವುದು ಮತ್ತು ಅಳಲು ಉಸಿರು ತೆಗೆದುಕೊಳ್ಳುವುದು. ಎದುರು ಮನೆಯ ಮೆಹರುನಬಿ ಐದು ತಿಂಗಳ ಮಗಳನ್ನು ತಂದಿದ್ದಳು. ಹೆಸರು ಶಹನಾಜಬೇಗಂ, ಕೂಸಿಗಿಂತ ಹೆಸರೇ ಉದ್ದ! ಮೂರನೆಯವಳು ನಮ್ಮೂರಿಗೇ ಕೊಟ್ಟ ನನ್ನ ಸ್ವಂತ ತಂಗಿ ಶಂಕ್ರಮ್ಮ. ಅವಳ ಮಗ ಉಮಾಪತಿಗೆ ಒಂಬತ್ತು ತಿಂಗಳು, ಅಂಬೆಗಾಲಿಡುವುದರಲ್ಲಿ ಕುದುರೆಯ ವೇಗ.

“ಅಣ್ಣಾ, ನಮ್ಮತ್ತಿ ಎಂಟು ದಿನ ಇರಕಲ್ಲಗಡಕ್ಕ ಮಗಳ ಮನಿಗೆ ಹೋಗ್ಯಾಳ. ಇವನ್ನ ಯಾರ ಹತ್ರ ಬಿಡ್ಲಿ?”

“ಸ್ವಾದರಮಾವ ಇರೂದು ಯಾಕ? ಬಿಟ್ಟು ಹೋಗು!” ಅಂದೆ, ಚಕ್ರವರ್ತಿಯ ಗತ್ತಿನಲ್ಲಿ. ಒಂದೊಂದು ಕೂಸಿಗೂ ವಾರಕ್ಕಿಷ್ಟು ಜೋಳ ಎಂದು ತಾಯಂದಿರೇ ಗೊತ್ತುಮಾಡಿದರು.

ಎಲ್ಲವೂ ಸರಿಯಾಗಿತ್ತು, ಒಂದು ತಕರಾರು ಬಿಟ್ಟು. ದೃಷ್ಟಿ! ತಾಯಂದಿರು ಬೆಳಿಗ್ಗೆ ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟಿಟ್ಟು ತರುತ್ತಿದ್ದರು. ಸಂಜೆಗೆ ಬೆವರು, ಕಣ್ಣೀರು, ಗಂಜಿ ಸೇರಿ ಅದು ಕಿವಿಯವರೆಗೆ ಹರಿದಿರುತ್ತಿತ್ತು. ಆಮೇಲೆ ರಾತ್ರಿ ಕೂಸು ಒಂದು ಸಲ ಕುಂಯ್ ಅಂದರೂ ಸಾಕು, ಮರುದಿನ ನನ್ನ ಬಾಗಿಲಿಗೆ ದೂರು!

“ಅಂದಣ್ಣಾ, ಬೊಟ್ಟು ಅಳಿಸೇತಿ ನೋಡು. ಕೂಸಿಗೆ ದೃಷ್ಟಿ ಆಗಿ ಮೊಲಿ ಹಿಡೀವಲ್ದು!” ಅಂದಳು ಗಾಳೆಮ್ಮ.

“ನಮ್ಮ ಬೇಟೀಗೂ ನಜರ್ ಆಗೈತಿ ಭಾಯಿ,” ಅಂದಳು ಮೆಹರುನಬಿ. “ಒಂದು ಬೊಟ್ಟು ಸೈತ ಸಂಭಾಳಸಾಕ ಆಗಲಿಲ್ಲಂದ್ರ ಹೆಂಗ?”

ಒಂದು ಬೊಟ್ಟು! ದೇವರ ವಿಗ್ರಹಗಳಿಗೆ ಕಣ್ಣು ಬರೆದ ಕೈಗೆ ಈ ಮಾತು! ನನ್ನೊಳಗಿನ ಕಲಾವಿದ ಕೆರಳಿದ. ಕಳಕಮ್ಮ ಹೊಲಕ್ಕೆ ಹೋದದ್ದೇ ತಡ, ಅಟ್ಟ ಹತ್ತಿದೆ. ದೀಪದ ಮಸಿಗೆ ಹುಣಸೆ ಬೀಜದ ಅಂಟು ಕಲಸಿದೆ. ಅತಿ ಸಣ್ಣ ಕುಂಚ ತೆಗೆದು, ನಾಲ್ಕು ಎಡಗಲ್ಲಗಳ ಮೇಲೆ ನಾಲ್ಕು ಬೊಟ್ಟು ಇಟ್ಟೆ. ಏನು ದುಂಡಗೆ! ಏನು ಕಪ್ಪು! ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಮನುಷ್ಯನಾಗಿ ಉಳಿಯುತ್ತಿದ್ದೆ. ಆದರೆ ಗೊಂಬೆಗೆ ಬಣ್ಣ ಬಳಿದ ಮೇಲೆ ನೀರು ತಾಗಿ ಕೆಡದಿರಲೆಂದು ಮೆರುಗೆಣ್ಣೆ ಹಚ್ಚುವುದು ನಮ್ಮ ಪದ್ಧತಿ. ಮೂರು ತಲೆಮಾರಿನಿಂದ ಬಂದ ಕೈ ಕೇಳುತ್ತದೆಯೇ? ತನ್ನಷ್ಟಕ್ಕೆ ತಾನೇ ಮೆರುಗೆಣ್ಣೆಯ ಗಡಿಗೆಗೆ ಇಳಿಯಿತು, ಪ್ರತಿ ಬೊಟ್ಟಿನ ಮೇಲೂ ಒಂದು ಹನಿ ಸವರಿತು.

ಸಂಜೆ ತಾಯಂದಿರು ಬಂದರು. ಬೊಟ್ಟುಗಳು ಮಿರಮಿರ ಮಿಂಚುತ್ತಿದ್ದವು!

“ಯಾವ ಕಾಡಿಗಿ ಇದು, ಅಂದಣ್ಣಾ?”

“ಹರಳೆಣ್ಣಿ ದೀಪದ್ದು. ನಮ್ಮವ್ವ ಮಾಡತಿದ್ಲು,” ಅಂದೆ. ಸ್ವರ್ಗದಲ್ಲಿರುವ ಅವ್ವ ಕ್ಷಮಿಸಲಿ.

ಮೂರು ದಿನ ಸ್ನಾನ ಮಾಡಿಸಿದರೂ ಬೊಟ್ಟು ಅಳಿಸಲಿಲ್ಲ. ತಾಯಂದಿರಿಗೆ ಹಿಗ್ಗೋ ಹಿಗ್ಗು! ಕಳಕಮ್ಮನಿಗೂ ಅದೇ ಹರಳೆಣ್ಣೆಯ ಕತೆ ಹೇಳಿದ್ದೆ. ಅವಳು ನಂಬಿದಳು ಎಂದುಕೊಂಡೆ. ನನಗೆ ಮಾತ್ರ ನಾಲ್ಕನೆಯ ದಿನ, ಇದು ಎಂದಿಗೂ ಅಳಿಸದಿದ್ದರೆ ಎಂಬ ಯೋಚನೆ ಹತ್ತಿತು. ಎಲ್ಲರ ಕಣ್ಣು ತಪ್ಪಿಸಿ ಮಗಳ ಗಲ್ಲವನ್ನು ನೀರಿನಿಂದ ತಿಕ್ಕಿದೆ. ಕಡಲೆಹಿಟ್ಟಿನಿಂದ ತಿಕ್ಕಿದೆ. ಗಲ್ಲ ಕೆಂಪಾಯಿತು, ಬೊಟ್ಟು ಕಪ್ಪಾಗಿಯೇ ಉಳಿಯಿತು. ಮಗಳು ನನ್ನನ್ನು ನೋಡಿ ನಕ್ಕಳು, ನನಗೆ ಅಳು ಬಂತು. ಹೆಣ್ಣುಕೂಸು! ಹುಟ್ಟಿದಾಗ ಹುಣ್ಣಿಮೆಯಂತಿದ್ದ ಮುಖಕ್ಕೆ ಅಪ್ಪನೇ ಜನ್ಮಕ್ಕೆಲ್ಲ ಉಳಿಯುವ ಕಲೆ ಹಾಕಿಬಿಟ್ಟನಲ್ಲ ಎಂದು ಊಟ ಸೇರಲಿಲ್ಲ.

ಅಂದೇ ಸಂಜೆ ಇರಕಲ್ಲಗಡದಿಂದ ಶಂಕ್ರಮ್ಮನ ಅತ್ತೆ ಅನ್ನಮ್ಮ ಬಂದಿಳಿದರು. ಬೀಗತಿ ಅನ್ನಮ್ಮನವರೆಂದರೆ ಓಣಿಯ ನಾಯಿಗಳೂ ಬಾಲ ಮಡಚುತ್ತವೆ. ಕಣ್ಣು ಮಂದ, ಮಂಡಿ ನೋವು, ಆದರೆ ಶಾಸ್ತ್ರದಲ್ಲಿ ಮಹಾ ಗಟ್ಟಿ. ಹೆಂಗಸರೆಲ್ಲ ಕೂಸು ಒಯ್ಯಲು ನಮ್ಮ ಪಡಸಾಲೆಯಲ್ಲಿ ನೆರೆದಿದ್ದಾಗ ಬಂದು, ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡರು. ಹೆಬ್ಬೆರಳಿಗೆ ಉಗುಳು ಹಚ್ಚಿ ಬೊಟ್ಟು ಒರೆಸಿದರು. ಹೋಗಲಿಲ್ಲ. ಮತ್ತೆ ಒರೆಸಿದರು. ಆಮೇಲೆ ಎದೆ ಬಡಿದುಕೊಂಡರು.

“ಅಯ್ಯೋ ಶಿವನ! ಇದು ಬೊಟ್ಟಲ್ಲ, ಮಚ್ಚಿ! ಗಂಡುಕೂಸಿಗೆ ಎಡಗಲ್ಲದ ಮ್ಯಾಲ ಮಚ್ಚಿ ಎದ್ದೈತಿ! ಸ್ವಾದರಮಾವಗ ಕಂಟಕ!”

ಸೋದರಮಾವ? ಎಲ್ಲರೂ ನನ್ನತ್ತ ತಿರುಗಿದರು. ನಾನು ಹಿಂದೆ ತಿರುಗಿ ನೋಡಿದೆ. ಅಲ್ಲಿ ಗೋಡೆ ಮಾತ್ರ ಇತ್ತು.

“ಅನ್ನಮ್ಮಾರ, ಎಲ್ಲಾ ಕೂಸುಗಳಿಗೂ ಹಂಗ ಐತಲ್ರಿ...” ಅಂದೆ.

“ಉಳಿದ ಕೂಸುಗಳದು ಬೊಟ್ಟು ಇದ್ದೀತು. ನಮ್ಮ ಉಮಾಪತೀದು ಮಚ್ಚಿ! ನನ್ನ ಕೈ ಸುಳ್ಳು ಹೇಳತೈತೇನು?”

ಹೇಳಿಬಿಡಬೇಕೆಂದು ಬಾಯಿ ತೆರೆದೆ. ನಿಜ ಹೇಳಿದರೆ ಕಂಟಕ ಹೋಗುತ್ತಿತ್ತು. ಆದರೆ ಕಳಕಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು, ಸೊಂಟದ ಮೇಲೆ ಮಗಳು. ಅವಳ ಹಿಂದೆ ನೇರವಾಗಿ ಕುಷ್ಟಗಿಯ ದಾರಿ! ಬಾಯಿ ಮುಚ್ಚಿದೆ.

ತೀರ್ಪು ಹೊರಬಿತ್ತು. ಸೋಮವಾರ ಇರಕಲ್ಲಗಡದಿಂದ ಶಾಸ್ತ್ರ ಮಾಡಿಸುವ ಅಯ್ಯನವರು ಬರುತ್ತಾರೆ. ಕಂಟಕ ಹರಿಯಲು ಸೋದರಮಾವನ ತಲೆ ಬೋಳಿಸಬೇಕು. ಮೀಸೆಯನ್ನೂ!

“ಮೀಸೀನೂ?” ನಾನು ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡೆ.

“ಜೀಂವ ದೊಡ್ಡದೋ ಮೀಸಿ ದೊಡ್ಡದೋ, ಬೀಗ್ರ? ಅಲ್ಲಿತನಕ ಅಳಿಯನ ಮಾರಿ ನೆಟ್ಟಗ ನೋಡಬ್ಯಾಡ್ರಿ. ನೋಡಬೇಕಂದ್ರ ಎಣ್ಣ್ಯಾಗ ನೋಡ್ರಿ.”

ಕೂಸಿನಿಂದ ಮಾವನಿಗೆ ಕಂಟಕವಿದ್ದರೆ ಅದರ ಮುಖವನ್ನು ಎಣ್ಣೆಯ ಬಟ್ಟಲಲ್ಲಿ ನೋಡುವ ಶಾಸ್ತ್ರ ನಮ್ಮ ಕಡೆ ಹಳೆಯದು. ಆದರೆ ಹಾಗೆ ನೋಡಿದ ಯಾವ ಮಾವನೂ ಅದೇ ಕೂಸನ್ನು ಹಗಲೆಲ್ಲ ಆಡಿಸಿರಲಿಕ್ಕಿಲ್ಲ!

“ಅಣ್ಣಾ, ನಾ ನಾಳಿಂದ ಇವನ್ನ ತರಂಗಿಲ್ಲ,” ಎಂದು ಶಂಕ್ರಮ್ಮ ಅತ್ತಳು. “ಕೂಲಿ ಹ್ವಾದ್ರ ಹೋಗಲಿ. ನಿನಗೇನರ ಆದ್ರ ನನಗ ತವರ ಎಲ್ಲೈತಿ?” ನನ್ನಂಥ ಹೇಡಿ ಏಳೂರಲ್ಲಿ ಇರಲಿಕ್ಕಿಲ್ಲ. ಅನ್ನಮ್ಮನವರು ಮಾತ್ರ, “ಕಳಿ ತಗಿಯೂದು ಬಿಟ್ರ ನಾಳೆ ಯಾರು ಜ್ವಾಳಾ ಕೊಡತಾರ? ನನ್ನ ಮಂಡಿಗೆ ಇವನ ಹಿಂದ ಓಡಾಕ ಆಗಂಗಿಲ್ಲ. ಬೀಗ್ರು ಬೆನ್ನು ತಿರುಗಿಸಿ ಕುಂದರಲಿ,” ಎಂದು ಮುಗಿಸಿಬಿಟ್ಟರು.

ಹೀಗೆ ಶುಕ್ರವಾರ ನನ್ನ ಹೊಸ ಉದ್ಯೋಗದ ಹೊಸ ಅಧ್ಯಾಯ ತೆರೆಯಿತು. ತೊಡೆಯ ಮೇಲೆ ಕಂಚಿನ ಗಂಗಾಳ, ಅದರ ತುಂಬ ಕುಸುಬಿ ಎಣ್ಣೆ, ನನ್ನ ಬೆನ್ನಿನ ಹಿಂದೆ ಉಮಾಪತಿ! ಎಣ್ಣೆಯಲ್ಲಿ ಅವನ ಮುಖ ನೋಡುತ್ತ, ಭುಜದ ಮೇಲಿಂದ ಹಿಂದಕ್ಕೆ ಕೈ ಚಾಚಿ ಗಂಜಿ ತಿನ್ನಿಸಿದೆ. ಎಣ್ಣೆಯಲ್ಲಿ ಎಡ ಬಲವಾಗುತ್ತದೆ ಎಂಬುದು ಅಂದು ನನಗೆ ತಿಳಿಯಿತು. ಮೊದಲ ಚಮಚ ಅವನ ಕಿವಿಗೆ, ಎರಡನೆಯದು ಶಹನಾಜಬೇಗಂಳ ತಲೆಗೆ, ಮೂರನೆಯದು ನನ್ನದೇ ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಗಾಳೆಮ್ಮನ ಮಗ ಇದನ್ನೆಲ್ಲ ನೋಡಿ ಮೊದಲ ಬಾರಿಗೆ ಅಳು ನಿಲ್ಲಿಸಿ ಗಹಗಹಿಸಿ ನಕ್ಕ!

ಶನಿವಾರ ಉಮಾಪತಿಗೆ ಅನುಮಾನ ಬಂತು. ಈ ಮಾವ ಯಾಕೆ ಮುಖ ತೋರಿಸುವುದಿಲ್ಲ? ಅಂಬೆಗಾಲಿಟ್ಟು ಸುತ್ತಿ ನನ್ನ ಮುಂದೆ ಬಂದ. ನಾನು ಕಣ್ಣು ಮುಚ್ಚಿ ಗಂಗಾಳ ಎತ್ತಿಕೊಂಡು ತಿರುಗಿ ಕುಳಿತೆ. ಅವನು ಮತ್ತೆ ಸುತ್ತಿದ. ನಾನು ಮತ್ತೆ ತಿರುಗಿದೆ. ಆಮೇಲೆ ಎದ್ದೆ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ, ಮುಂದೆ ಮುಂದೆ ಮೂವತ್ತು ವರ್ಷದ ಮಾವ, ಹಿಂದೆ ಹಿಂದೆ ಒಂಬತ್ತು ತಿಂಗಳ ಅಳಿಯ! ಅಳಿಯ ಕೇಕೆ ಹಾಕುತ್ತಿದ್ದ, ಮಾವ ಏದುಸಿರು ಬಿಡುತ್ತಿದ್ದ. ಕಂಟಕ ನಿಜವಾಗಿಯೂ ಬೆನ್ನಟ್ಟಿ ಬರುತ್ತಿದೆ ಎಂದು ಒಂದು ಗಳಿಗೆ ನಾನೂ ನಂಬಿಬಿಟ್ಟೆ. ಸ್ವತಃ ನಾನೇ ಬಳಿದ ಕಂಟಕವನ್ನು!

ಭಾನುವಾರ ಮಧ್ಯಾಹ್ನ ತಾಯಂದಿರು ಮೊಲೆಯುಣಿಸಿ ಹೋದ ಮೇಲೆ ನನಗೆ ಸಣ್ಣ ತೂಕಡಿಕೆ ಹತ್ತಿತು. ಚಾಪೆಯ ಮೇಲೆ ಮೂರು ಕೂಸುಗಳು, ಅವುಗಳ ನಡುವೆ ನಾನು, ನನ್ನ ತೊಡೆಯ ಮೇಲೆ ಗಂಗಾಳ. ಉಮಾಪತಿ ಸದ್ದಿಲ್ಲದೆ ಬಂದ. ಗಂಗಾಳದ ಅಂಚು ಹಿಡಿದು ಎದ್ದು ನಿಂತ.

ಧಡ್!

ಕಣ್ಣು ಬಿಟ್ಟಾಗ ಪಡಸಾಲೆಯೆಲ್ಲ ಎಣ್ಣೆ. ನಾಲ್ಕು ಕೂಸುಗಳೂ ತಲೆಯಿಂದ ಕಾಲಿನವರೆಗೆ ಎಣ್ಣೆ. ಉಮಾಪತಿಯ ಮೂಗು, ಬಾಯಿ, ಕಣ್ಣಿನ ತುಂಬ ಎಣ್ಣೆ. ಉಸಿರುಗಟ್ಟಿದಂತೆ ಬಾಯಿ ತೆರೆದು ನಿಂತಿದ್ದ. ಆ ಕ್ಷಣ ಯಾವ ಶಾಸ್ತ್ರ, ಯಾವ ಮೀಸೆ! ಅವನನ್ನು ಎದುರಿಗೆ ಎತ್ತಿಕೊಂಡು, ತಲೆಯ ರುಮಾಲು ಬಿಚ್ಚಿ ಮುಖವನ್ನೆಲ್ಲ ತಿಕ್ಕಿ ತಿಕ್ಕಿ ಒರೆಸಿದೆ. “ಉಸಿರಾಡೋ ನನ್ನಪ್ಪಾ, ಉಸಿರಾಡೋ!” ಅವನು ಉಸಿರೆಳೆದುಕೊಂಡ, ಕೆಮ್ಮಿದ, ನನ್ನ ಮುಖವನ್ನು ನೆಟ್ಟಗೆ ನೋಡಿದ. ಮೂರು ದಿನದ ಮೇಲೆ ಮಾವ ಸಿಕ್ಕ ಖುಷಿಗೆ ಮೀಸೆ ಹಿಡಿದು ಜಗ್ಗಿ ನಕ್ಕ.

ನಾನು ಅವನ ಎಡಗಲ್ಲ ನೋಡಿದೆ. ಬೊಟ್ಟಿಲ್ಲ!

ಎಣ್ಣೆಗೆ ಮೆರುಗು ಕರಗಿತ್ತು. ನೀರಿಗೆ ಜಗ್ಗದ ಮೆರುಗು ಎಣ್ಣೆಗೆ ಜಗ್ಗುತ್ತದೆ ಎಂಬುದನ್ನು ಹುಟ್ಟಿನಿಂದ ಬಲ್ಲ ನನಗೆ, ಎಣ್ಣೆಯನ್ನು ಮೂರು ದಿನ ತೊಡೆಯ ಮೇಲಿಟ್ಟುಕೊಂಡೂ ಹೊಳೆದಿರಲಿಲ್ಲ! ಗಾಳೆಮ್ಮನ ಮಗನನ್ನು ತಿಕ್ಕಿದೆ, ಹೋಯಿತು. ಶಹನಾಜಬೇಗಂಳನ್ನು ತಿಕ್ಕಿದೆ, ಹೋಯಿತು. ಕೊನೆಗೆ ಮಗಳನ್ನು ಎತ್ತಿಕೊಂಡು, ದೇವರನ್ನೆಲ್ಲ ನೆನೆದು, ಮೆಲ್ಲಗೆ ಒರೆಸಿದೆ. ಹುಣ್ಣಿಮೆ ಮತ್ತೆ ಹುಣ್ಣಿಮೆಯಾಯಿತು. ಅವಳನ್ನು ಎದೆಗೊತ್ತಿಕೊಂಡು ಎಣ್ಣೆಯ ನಡುವೆ ಕುಳಿತು ಹಾಯಾಗಿ ಅತ್ತೆ. ಅದೇ ರುಮಾಲಿನಿಂದ ಕಣ್ಣೀರು ಒರೆಸಿಕೊಂಡೆ, ಬೆವರು ಒರೆಸಿಕೊಂಡೆ. ಜೀವ ಹಗುರವಾಯಿತು. ಮೀಸೆಯೂ ಉಳಿಯಿತು!

ಸಂಜೆ ಎಲ್ಲರೂ ಬಂದರು. ಅನ್ನಮ್ಮನವರು ಮೊಮ್ಮಗನ ಗಲ್ಲವನ್ನು ಹೆಬ್ಬೆರಳಿನಿಂದ ಮೂರು ಸಲ ತಡವಿ, ಎರಡೂ ಕೈ ಮೇಲಕ್ಕೆತ್ತಿದರು.

“ಕಂಟಕ ಹರೀತು! ಎಣ್ಣಿ ಶಾಸ್ತ್ರ ಅಂದ್ರ ಸುಮ್ನೇನು? ಇನ್ನ ಬೋಳಸೂದು ಬ್ಯಾಡ. ಅಯ್ಯನೋರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸತೀನಿ.”

ಶಂಕ್ರಮ್ಮ ಮಗನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತು, ಅತ್ತೆಯ ಕೈ ಹಿಡಿದು ನಡೆದಳು. ಗಾಳೆಮ್ಮ, ಮೆಹರುನಬಿ ಇಬ್ಬರೂ ನನ್ನನ್ನು ಒಮ್ಮೆ ನೋಡಿ, ಸೆರಗು ಬಾಯಿಗೆ ಒತ್ತಿ, ಗಡಿಬಿಡಿಯಿಂದ ಹೊರಗೆ ಹೋದರು. ಆನಂದ ತಡೆಯಲಾಗಲಿಲ್ಲ ಪಾಪ ಎಂದುಕೊಂಡೆ.

ಕಳಕಮ್ಮ ಉಳಿದಳು. ಮಗಳನ್ನು ತೊಟ್ಟಿಲಿಗೆ ಹಾಕಿದಳು. ಗಂಗಾಳದಲ್ಲಿ ಉಳಿದಿದ್ದ ಒಂದಿಷ್ಟು ಎಣ್ಣೆಯನ್ನು ತಂದು ನನ್ನ ಮುಂದಿಟ್ಟಳು.

“ನಿಮ್ಮ ಮಾರಿ ನೋಡ್ಕೋರಿ.”

ಬಗ್ಗಿ ನೋಡಿದೆ. ಎರಡು ಗಲ್ಲಕ್ಕೆ ಎರಡು ಕಪ್ಪು ಬೊಟ್ಟು, ಹಣೆಗೆ ಒಂದು, ಮೂಗಿನ ತುದಿಗೆ ಒಂದು. ನಾಲ್ಕು ಕೂಸುಗಳ ಗಲ್ಲದಿಂದ ರುಮಾಲಿಗೆ, ರುಮಾಲಿನಿಂದ ನನ್ನ ಮುಖಕ್ಕೆ ಕಂಟಕ ವರ್ಗವಾಗಿತ್ತು!

ಇನ್ನು ಮುಚ್ಚುವುದೇನು? ಮಸಿ, ಅಂಟು, ಕುಂಚ, ಮೆರುಗೆಣ್ಣೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. “ಕಳಕವ್ವ, ಬೇಕಾದ್ದು ಮಾಡು. ಕೂಸು ಎತ್ಕೊಂಡು ಕುಷ್ಟಗಿಗೆ ಮಾತ್ರ ಹೋಗಬ್ಯಾಡ. ನನಗ ಅದನ್ನ ಬಿಟ್ಟು ಇರಾಕ ಆಗಂಗಿಲ್ಲ.”

ಅವಳ ತುಟಿಯ ಅಂಚು ಅಲುಗಾಡುತ್ತಿತ್ತು.

“ಅಲ್ರಿ, ಹರಳೆಣ್ಣಿ ಕಾಡಿಗಿ ಮೂರು ದಿನ ಮಿಂಚತೈತಿ ಅಂದ್ರ ನಂಬಾಕ ನಾ ಏನು ಕಟ್ಟಿಗಿ ಗೊಂಬೀನ? ಕೂಸಿಗೇನೂ ಆಗಿದ್ದಿಲ್ಲ, ಯಾವಾಗ ಹೇಳತೀರಿ ನೋಡೋಣು ಅಂತ ಸುಮ್ನಿದ್ದೆ. ಕುಷ್ಟಗಿ ಮಾತು ಇರಲಿ. ಶಂಕ್ರಮ್ಮ ಮೂರು ದಿನದಿಂದ ನಿಮ್ಮ ಹೆಸರಿಲೆ ಉಪಾಸ ಅದಾಳ. ಮದ್ಲ ಹೋಗಿ ಅಕಿಗೆ ಖರೇ ಹೇಳಿ ಬರ್ರಿ.”

ಎದೆಯ ಮೇಲಿನ ಬಂಡೆ ಉರುಳಿ ಬಿತ್ತು. “ಈಗ ಹೋಗತೀನಿ! ಮಾರಿ ಒರಸ್ಕೊಂಡು...” ಎಂದು ಎಣ್ಣೆಗೆ ಕೈ ಹಾಕಿದೆ. ಅವಳು ಗಂಗಾಳ ಎಳೆದುಕೊಂಡಳು.

“ಒರಸಬ್ಯಾಡ್ರಿ. ಹಂಗ ಹೋಗ್ರಿ.”

“ಏ, ಓಣಿ ತುಂಬ ಮಂದಿ ಅದಾರ! ನೋಡಿ ನಗತಾರ!”

“ನಾಕು ಕೂಸು ಆಡಸೂ ಗಂಡ ಈ ಸೀಮ್ಯಾಗ ನನಗೊಬ್ಬಾಕಿಗೇ ಅದಾನ,” ಎಂದು ಕಳಕಮ್ಮ ಬಾಗಿಲು ತೆರೆದಳು. “ದೃಷ್ಟಿ ಆದೀತು. ನಾಕೂ ಇರಲಿ!”